ಮೊಮ್ಮಗಳಿಗಾಗಿ ಹೀಟರ್ ಉಳಿಸಿಕೊಂಡೆ

ನನಗೆ ಮೊಮ್ಮಗಳು ಹುಟ್ಟಿದಳು! ಮಗಳು ಹೆತ್ತ ಮೊದಲ ಕೂಸು. ತುಮಕೂರಿನ ಆಸ್ಪತ್ರೆಯಲ್ಲಿ ಕೈಗೆ ಕೊಟ್ಟಾಗ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಈಗ ಅವಳು ಶಾಲೆಗೆ ಹೋಗುತ್ತಾಳೆ. ಆದರೂ ಹೇಳುವಾಗ ನನಗೆ ಇವತ್ತೇ ಹುಟ್ಟಿದಂತೆ.

ಬಾಣಂತಿಯನ್ನೂ ಕೂಸನ್ನೂ ಕೊತ್ತಗೆರೆಯ ನಮ್ಮ ಮನೆಗೆ ನನ್ನ ವ್ಯಾನಿನಲ್ಲೇ ಕರೆತರುತ್ತೇನೆ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೆ. ಕುಣಿಗಲ್ಲಿಗೂ ತುಮಕೂರಿಗೂ ಜನರನ್ನು ಕೂರಿಸಿಕೊಂಡು ಓಡಿಸುತ್ತಿದ್ದ ಹಳೇ ವ್ಯಾನು ಅದು. ಮಾಗಿಯ ಚಳಿ, ಕೂಸಿಗೆ ಥಂಡಿ ಹಿಡಿದರೆ ಏನು ಗತಿ ಎಂದು ಹೆಂಡತಿಗೆ ಭಯ. ವ್ಯಾನಿನಲ್ಲಿ ಹೀಟರ್ ಇದೆಯಲ್ಲ ಎಂದು ನಾನು ಜಂಬ ಕೊಚ್ಚಿಕೊಂಡೆ. ಕೊಂಡಾಗಿನಿಂದ ಅದನ್ನು ಒಮ್ಮೆಯೂ ಹಾಕಿರಲಿಲ್ಲ.

ಕರೆತರುವ ದಿನ ಆಸ್ಪತ್ರೆಗೆ ಹೋಗುವಾಗ ತುಮಕೂರಿನ ಸದಾಶಿವನಗರದ ಹತ್ತಿರ ಇಂಜಿನ್ ಕಾದು, ಅಡಿಯಿಂದ ನೀರು ಸುರಿಯಿತು. ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಅಡಿಗೆ ತೂರಿ ನೋಡಿದ. ಬಿಸಿನೀರನ್ನು ಹೀಟರಿಗೆ ಒಯ್ಯುವ ಕಬ್ಬಿಣದ ಪೈಪುಗಳು ತುಕ್ಕು ತಿಂದು ತೂತಾಗಿದ್ದವು. ಇಂಜಿನ್ ತಣಿಸುವ ಕೂಲೆಂಟ್ ಬದಲು ಬೋರ್‌ವೆಲ್ ನೀರು ಹಾಕುವುದು, ಸೋರಿದರೆ ತೂತು ಮುಚ್ಚಲೆಂದು ರೇಡಿಯೇಟರಿಗೆ ಒಂದು ಹಿಡಿ ಅರಿಶಿನ ಸುರಿಯುವುದು ನಮ್ಮ ಕಡೆ ವ್ಯಾನಿನವರ ವಾಡಿಕೆ. ಪೈಪು ಕೊಯ್ದಾಗ ಹಳದಿ ಕೆಸರು ಬಂತು.

“ಏನಣ್ಣ, ಇಂಜಿನ್‌ಗೆ ಅರಿಶಿನ ಶಾಸ್ತ್ರ ಮಾಡ್ಸಿದ್ದೀಯಾ?” ಎಂದ.

ಹೀಟರಿಗೆ ಹೋಗುವ ದಾರಿಯನ್ನೇ ಮುಚ್ಚಿಬಿಟ್ಟರೆ ಬೇಗ ಮುಗಿಯುತ್ತದೆ, ಎಲ್ಲರೂ ಹಾಗೇ ಮಾಡಿಸುತ್ತಾರೆ ಎಂದ. ಅತ್ತ ಆಸ್ಪತ್ರೆಯಿಂದ ಮಗಳ ಫೋನು: ಗುಬ್ಬಿಯ ಬೀಗರು ತಡವಾದರೆ ತಾವೇ ಕಾರು ತರುತ್ತೇವೆ ಎನ್ನುತ್ತಿದ್ದರಂತೆ.

“ಮೊಮ್ಮಗಳು ಬರ್ತಾವ್ಳೆ ಕಣಯ್ಯ. ಹೀಟರ್ ಬೇಕು,” ಎಂದೆ.

ಅವನು ಮತ್ತೆ ವ್ಯಾನಿನ ಅಡಿಗೆ ಹೋದ. ತುಕ್ಕು ಹಿಡಿದಿದ್ದನ್ನೆಲ್ಲ ತೆಗೆದು, ತಾಮ್ರದ ಪೈಪು ಬಗ್ಗಿಸಿ ಕೂರಿಸಿ, ಕ್ಲಿಪ್ಪು ಬಿಗಿದ. ಹೀಟರಿನೊಳಗೆ ನೀರು ಬಿಟ್ಟು, ತಿಳಿಯಾಗಿ ಬರುವ ತನಕ ತೊಳೆದ. ಹಸಿರು ಕೂಲೆಂಟ್ ತುಂಬಿ ಇಂಜಿನ್ ಓಡಿಸಿದ. ಅಡಿಗೆ ಪೇಪರ್ ಹಾಸಿ ಕಾದೆವು. ಒಂದು ಹನಿಯೂ ಬೀಳಲಿಲ್ಲ.

ಬೀಗರ ಕಾರು ಬರುವ ಮೊದಲೇ ಆಸ್ಪತ್ರೆ ಮುಟ್ಟಿದೆ. ದಾರಿಯುದ್ದಕ್ಕೂ ಹೀಟರ್ ಬೆಚ್ಚಗೆ ಊದಿತು. ಕುಣಿಗಲ್ ಹತ್ತಿರವಾದಾಗ ಹಿಂದಿನಿಂದ ಮಗಳ ದನಿ.

“ಅಪ್ಪಾ, ಸಾಕು ಬುಡು. ಮಗು ಬೆವರ್ತೈತೆ.”

ಅಷ್ಟು ಕೇಳಿದ್ದೇ ನನಗೆ ಹೊಟ್ಟೆ ತುಂಬಿತು.

ಸಂಜೆಗೆ ಬೀಗರೂ ಬಂದರು. ಅವರೆಕಾಳು ಸಾರು, ಮುದ್ದೆ. ಬಾಣಂತಿಗೆ ಬೇರೆ ಪಥ್ಯ. ಕೂಸು ಮಲಗಿತ್ತು. ಅದು ಏಳುವುದರೊಳಗೆ ಉಣ್ಣಬೇಕೆಂದು ನಡುಮನೆಯಲ್ಲಿ ಎಲ್ಲರೂ ಒಟ್ಟಿಗೆ, ಪಿಸುಮಾತಿನಲ್ಲಿ ನಗುತ್ತ ಊಟ ಮಾಡಿದೆವು.