ನಾಲ್ಕು ದನಿ, ಒಂದು ಕರೀ ಲ್ಯಾಪ್‌ಟಾಪ್

ತಂಗಿಯ ಲ್ಯಾಪ್‌ಟಾಪಿನ ಬೆಲೆ ಒಂದೇ ದಿನದಲ್ಲಿ ನಾಲ್ಕು ಸಾವಿರ ಏರಿತಲ್ಲ, ಅದನ್ನು ಏರಿಸಿದವನು ನಾನು. ಕಂಪನಿಯಲ್ಲ, ಜಿಎಸ್‌ಟಿಯಲ್ಲ, ಡಾಲರೂ ಅಲ್ಲ. ನಾನು ಮತ್ತು ನನ್ನ ಬಾಯಿ. ಈ ಕತೆಯನ್ನು ನನಗಿಂತ ರಸವತ್ತಾಗಿ ಹೇಳುವವರು ಈಗ ಊರಲ್ಲಿ ಬೇಕಾದಷ್ಟಿದ್ದಾರೆ. ಅವರು ಹೇಳಿದಂತೆಲ್ಲ ನಾನು ಇನ್ನಷ್ಟು ದಡ್ಡನಾಗುತ್ತ ಹೋಗುತ್ತೇನೆ. ಅದಕ್ಕೇ ಇರುವಷ್ಟು ದಡ್ಡತನವನ್ನು ನಾನೇ ಹೇಳಿ ಮುಗಿಸುವುದು ವಾಸಿ.

ನನಗೊಂದು ಚಟವಿದೆ. ಯಾರನ್ನಾದರೂ ಸ್ವಲ್ಪ ಹೊತ್ತು ನೋಡಿದರೆ ಸಾಕು, ಅವರ ದನಿ ಬಂದು ನನ್ನ ಗಂಟಲಲ್ಲಿ ಚಾಪೆ ಹಾಸಿಕೊಂಡು ಕೂರುತ್ತದೆ. ಚಿಕ್ಕೋಡಿ ಬಸ್ಸಿನ ಕಂಡಕ್ಟರ್ "ಪುಢಂ ಸರಕಾ, ಮುಂದ ಹೋಗ್ರಿ, ಪುಢಂ ಪುಢಂ" ಎಂದು ಒಂದೇ ಉಸಿರಿನಲ್ಲಿ ಎರಡು ಭಾಷೆಯಿಂದ ತಳ್ಳುವುದು, ರಾಯಬಾಗದ ಸೋದರಮಾವ ಚಹಾ ಹೀರಿ "ಹಾಂ" ಎಂದು ಉಸಿರು ಬಿಟ್ಟು, ಆಮೇಲೆ ನಿಧಾನಕ್ಕೆ ಬೈಯಲು ಶುರು ಮಾಡುವುದು, ಎಲ್ಲ ನನಗೆ ಬರುತ್ತದೆ. ಮದುವೆ ಮನೆಗಳಲ್ಲಿ ಇದನ್ನೇ ಮಾಡಿ ಒಂದಿಷ್ಟು ಗಳಿಸುತ್ತೇನೆ. ಯಾರನ್ನೂ ಬಿಟ್ಟವನಲ್ಲ, ನನ್ನನ್ನೂ ಬಿಟ್ಟಿಲ್ಲ. ಕನ್ಯೆ ನೋಡಲು ಹೋದಾಗ ನಾನು ತೆಗೆಯುವ ಬೆಣ್ಣೆಯಂಥ ದನಿಯನ್ನು ತಂಗಿಯ ಗೆಳತಿಯರ ಮುಂದೆ ಹಾಗೆಯೇ ಮಾಡಿ ತೋರಿಸಿದ್ದೆ. ಅವರಲ್ಲೊಬ್ಬಳು ಆ ಕನ್ಯೆಯ ಚಿಕ್ಕಪ್ಪನ ಮಗಳು. ಆ ಸಂಬಂಧ ಅಲ್ಲಿಗೇ ನಿಂತಿತು.

ತಂಗಿಗೆ ಇರುವುದು ಒಂದೇ ದನಿ. ಅದನ್ನೂ ಬೇಕಾದಾಗ ಮಾತ್ರ ಹೊರಗೆ ತೆಗೆಯುತ್ತಾಳೆ. ಕಾಲೇಜು ಮುಗಿಸಿ, ದಿನಾ ಬೇಡಕಿಹಾಳದಿಂದ ಬಸ್ ಹಿಡಿದು ಇಚಲಕರಂಜಿಗೆ ಹೋಗಿ, ಸೀರೆಯ ಅಂಚಿನ ದಡಿ ಮತ್ತು ಸೆರಗಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬರೆಯುವುದನ್ನು ಕಲಿತಳು. ಬೋರಗಾಂವದ ಒಬ್ಬ ಪವರ್‌ಲೂಮ್ ಸಾವಕಾರರು ಅವಳ ಕೆಲಸ ನೋಡಿ ಒಪ್ಪಿದರು. "ಸೋಮವಾರದಿಂದ ಬಾರವ್ವಾ. ಲ್ಯಾಪ್‌ಟಾಪ್ ನಿಂದ ಇರಬೇಕ. ಮತ್ತ ಒಂದ ಮಾತ ಈಗ ಹೇಳತೇನಿ: ನೀ ತೋರಿಸಿದ ಬಣ್ಣ ಒಂದು, ಮಗ್ಗದ ಮ್ಯಾಲ ಬಂದ ಬಣ್ಣ ಒಂದು ಆದ್ರ ನೂಲಿನ ಖರ್ಚ ನಿನ್ನ ತಲಿಗೆ," ಎಂದರು. ತಂಗಿ "ಹೂಂ ರಿ" ಎಂದಳು. ಊರಿನ ಹೆಂಗಸರ ಜಂಪರ್ ಹೊಲಿದು ಅವಳು ಕೂಡಿಟ್ಟದ್ದು ನಲವತ್ತೊಂದು ಸಾವಿರ. ಆ ದುಡ್ಡಿಗೆ ಸೋಮವಾರದೊಳಗೆ ಲ್ಯಾಪ್‌ಟಾಪ್ ಬರಬೇಕು. ಬರದಿದ್ದರೆ ಆ ಕೆಲಸಕ್ಕೆ ಇಚಲಕರಂಜಿಯ ಇನ್ನೊಬ್ಬಳು ತಯಾರಾಗಿ ನಿಂತಿದ್ದಳು.

ಶುಕ್ರವಾರ ಊಟಕ್ಕೆ ಕೂತಾಗ ಮನೆಯಲ್ಲಿ ಇದೇ ಮಾತು. ಅಪ್ಪ ಲ್ಯಾಪ್‌ಟಾಪನ್ನು ಹತ್ತಿರದಿಂದ ನೋಡಿದ್ದು ಬ್ಯಾಂಕಿನಲ್ಲಿ ಮಾತ್ರ, ಅದೂ ಕೌಂಟರಿನ ಈ ಕಡೆಯಿಂದ, ಬೆನ್ನು ಭಾಗವನ್ನು. ಆದರೂ ಅಭಿಪ್ರಾಯಕ್ಕೆ ಕೊರತೆ ಇರಲಿಲ್ಲ.

"ಎಮ್ಮಿ ಕೊಂಡಂಗ ಕೊಳ್ಳಬೇಕು," ಎಂದರು. "ಕೋಡ ನೋಡಿ ರೊಕ್ಕಾ ಕೊಡಬಾರದು. ಮುಂಜಾನಿ ಒಮ್ಮಿ, ಸಂಜೀಕ ಒಮ್ಮಿ, ಎರಡೂ ಹೊತ್ತ ಹಿಂಡಿ ನೋಡಬೇಕು."

"ನೀವು ಹಿಂಡಿ ನೋಡಿ ತಂದ ಮಿಕ್ಸರ್ ಗೊತ್ತೈತಿ ನನಗ," ಎಂದಳು ಅವ್ವ ರೊಟ್ಟಿ ಬಡಿಯುತ್ತಲೇ. "ಸಸ್ತಾ ಐತಿ ಅಂತ ತಂದ್ರಿ. ಶೇಂಗಾ ಹಾಕಿದ್ರ ಚಟ್ನಿ ಬರಲಿಲ್ಲ, ಹೊಗಿ ಬಂತು."

ಇವರಿಬ್ಬರ ನಡುವೆ ನಾನು ಎದ್ದು ನಿಂತು, ಮೊಬೈಲಿನಲ್ಲಿ ಲ್ಯಾಪ್‌ಟಾಪ್ ಹೊಗಳುವ ಹುಡುಗರ ಹಿಂದಿ ದನಿಯಲ್ಲಿ, "ತೋ ದೋಸ್ತೋ, ಬಜೆಟ್ ಕಾ ಬಾದಶಾ!" ಎಂದು ಶುರು ಮಾಡಿದೆ. ಎರಡು ದಿನದಿಂದ ಅಂಥ ವಿಡಿಯೋಗಳನ್ನೇ ನೋಡಿದ್ದೆ. ರ‍್ಯಾಮು, ಪ್ರೊಸೆಸರು, ಕೋರು, ಥ್ರೆಡ್ಡು ಎಂದು ಅವರು ಹೇಳಿದ್ದನ್ನೆಲ್ಲ ಅವರದೇ ಏರಿಳಿತದಲ್ಲಿ ಒಪ್ಪಿಸಿದೆ. ಒಂದು ಅಕ್ಷರವೂ ತಪ್ಪಲಿಲ್ಲ, ಒಂದು ಅಕ್ಷರವೂ ನನಗೆ ತಿಳಿದಿರಲಿಲ್ಲ. ಅಪ್ಪ ಮಾತ್ರ ಮೆಚ್ಚಿಬಿಟ್ಟರು. "ಇವಗ ತಿಳೀತೈತಿ ನೋಡ, ಇವನ ಬರ್ಲಿ ಸಂಗಾಟ," ಎಂದರು. ನಾನು ತಜ್ಞನಾದದ್ದು ಹೀಗೆ.

ಶನಿವಾರ ಬೆಳಿಗ್ಗೆ ಅಪ್ಪ, ತಂಗಿ, ನಾನು ನಿಪ್ಪಾಣಿಯ ಅಂಗಡಿಗೆ ಹೋದೆವು. ಅಂಗಡಿಯವರು ನಡುವಯಸ್ಸಿನವರು, ಹಣೆಗೆ ವಿಭೂತಿ, ಎದುರಿಗೆ ಚಹಾ. ಅವರು ತಂಗಿಯ ಕೆಲಸ ಏನೆಂದು ಕೇಳಿ, ಬೇರೆಬೇರೆ ಕಂಪನಿಯ ಎರಡು ಲ್ಯಾಪ್‌ಟಾಪ್ ತೆಗೆದು ಪಕ್ಕಪಕ್ಕ ಇಟ್ಟರು. ಒಂದು ಬಿಳೇದು: ಮೂವತ್ತು ಸಾವಿರ, ಕೀಲಿಮಣೆಯೊಳಗಿಂದ ಕೆಂಪು, ನೀಲಿ, ಹಸಿರು ದೀಪ. ಇನ್ನೊಂದು ಕರೇದು: ಚೀಟಿಯ ಮೇಲೆ ನಲವತ್ತೈದು ಸಾವಿರ, ದೀಪವಿಲ್ಲ, ಮಿಂಚಿಲ್ಲ, ಶಾಲೆಯ ಮಕ್ಕಳು ಬರೆಯುವ ಪಾಟಿಯಂಥ ಮುಖ.

"ಬಿಳೇದ," ಎಂದೆ ನಾನು ತಕ್ಷಣ. "ನೋಡ ಅದರ ಲೈಟ. ಗಣಪತಿ ಮಂಟಪ ಆದಂಗ ಆಗೇತಿ."

ತಂಗಿ ಪರ್ಸಿನಿಂದ ಒಂದು ಗೇಣು ಮರೂನ್ ದಡಿಯ ತುಂಡನ್ನು ತೆಗೆದಳು. ಪೆನ್ ಡ್ರೈವಿನಲ್ಲಿ ತಂದಿದ್ದ ಅದೇ ದಡಿಯ ಚಿತ್ರವನ್ನು ಎರಡರಲ್ಲೂ ಹಾಕಿಸಿ, ಬಟ್ಟೆಯ ತುಂಡನ್ನು ಬಿಳೇದರ ಪರದೆಯ ಮಗ್ಗುಲಿಗೆ ಹಿಡಿದಳು.

"ಅಣ್ಣಾ, ಕುಂತ ನೋಡು. ಯಾವ ಬಣ್ಣ?"

"ಮರೂನ್."

"ಈಗ ಎದ್ದ ನಿಂದರು."

ನಿಂತೆ. ಮರೂನ್ ಹೋಗಿ ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ ಬಂತು. ಪಕ್ಕದ ಸ್ಟೂಲಿನಲ್ಲಿ ಓರೆಯಾಗಿ ಕೂತಿದ್ದ ಅಪ್ಪ, "ಮರೂನ್ ಎಲ್ಲೈತಿ? ಬೂದಿ ಬಣ್ಣ ಐತಿ ಅದು," ಎಂದರು. ಒಂದೇ ಪರದೆಯಲ್ಲಿ ಮೂರು ಮಂದಿಗೆ ಮೂರು ಸೀರೆ. ಕರೇದರಲ್ಲಿ ಮಾತ್ರ ಕೂತರೂ ನಿಂತರೂ ಬಾಗಿದರೂ ಆ ಮರೂನ್ ಹಟಮಾರಿ ಸೊಸೆಯಂತೆ ಇದ್ದಲ್ಲೇ ಇತ್ತು.

ಅಪ್ಪ ಅಂಗಡಿಯವರಿಗೆ, "ಸಾವಕಾರ, ಎರಡೂ ಮನೀಗೆ ಒಯ್ತೀವಿ. ಎರಡ ಹೊತ್ತ ನೋಡಿ ಒಂದ ತಂದ ಕೊಡ್ತೀವಿ. ಎಮ್ಮಿ ಕೊಡೋರು ಹಂಗ ಬಿಡ್ತಾರಿಲ್ಲೋ?" ಎಂದರು.

"ಕಾಕಾ, ಎಮ್ಮಿ ತಿರುಗಿ ಬಂದ್ರೂ ಹಾಲ ಕೊಡ್ತೈತಿ," ಎಂದರು ಅವರು ಚಹಾ ಕೆಳಗಿಟ್ಟು. "ಇದು ಒಮ್ಮಿ ನಿಮ್ಮ ಮನಿ ನೋಡಿ ಬಂತಂದ್ರ ಸೆಕೆಂಡ್ ಹ್ಯಾಂಡ್ ಆತು."

ಅಪ್ಪ ನಕ್ಕು ಸೋತರು. ಅಂಗಡಿಯವರು ತಂಗಿಯ ಕೈಯಲ್ಲಿದ್ದ ತುಂಡನ್ನು ನೋಡಿ, "ನೀ ತಿಳದ ಕೇಳಾಕತ್ತಿ ತಂಗಿ. ಕರೇದ ಒಂದ ಪೀಸ್ ಐತಿ. ಭಾಳ ದಿನ ಆತು, ಲೈಟ್ ಇಲ್ಲಂತ ಯಾರೂ ಒಯ್ದಿಲ್ಲ. ನಿನಗ ನಲವತ್ತೊಂದಕ್ಕ ಕೊಡ್ತೀನಿ," ಎಂದರು.

ನಲವತ್ತೊಂದು! ಅವಳ ಬಳಿ ಇದ್ದದ್ದು ಅಷ್ಟೇ. ತಂಗಿ ಪರ್ಸಿಗೆ ಕೈ ಹಾಕಿದಳು. ಇಲ್ಲಿಗೆ ಇದು ಮುಗಿಯಬೇಕಿತ್ತು. ಆದರೆ ಸಂಗಾಟ ತಜ್ಞ ಬಂದಿದ್ದನಲ್ಲ. ಅವಳ ಕೈ ಹಿಡಿದು ಮೂಲೆಗೆ ಎಳೆದೆ.

"ಇವತ್ತ ತಗೋಬ್ಯಾಡ. ಒಮ್ಮಿ ಬಾಯಿ ಬಿಟ್ಟ ನಾಕ ಇಳಿಸಿದಾಂವ, ಇನ್ನೂ ಇಳಸ್ತಾನ. ನನಗ ಒಂದ ದಿನ ಕೊಡು. ಮೂವತ್ತೆಂಟಕ್ಕ ತರಸ್ತೀನಿ."

"ಹೆಂಗ?"

"ಅದ ನನ್ನ ಕಲಾ."

ಅವಳು ನಂಬಬಾರದಿತ್ತು. ಅಪ್ಪ ಮೂರು ಸಾವಿರ ಉಳಿಯುತ್ತದೆ ಎಂದು ತಿಳಿದವರೇ "ನಾಳಿ ಬರ್ತೀವಿ" ಎಂದು ಚಪ್ಪಲಿ ಮೆಟ್ಟಿಬಿಟ್ಟರು.

ನನ್ನ ಯೋಜನೆ ನನಗೆ ಬಹಳ ಸುಂದರವಾಗಿ ಕಂಡಿತ್ತು. ನಾಲ್ಕು ಊರಿನ ನಾಲ್ಕು ಗಿರಾಕಿಗಳು ಫೋನ್ ಮಾಡಿ, "ಕರೇದು ಎಷ್ಟಕ್ಕ? ಬ್ಯಾರೆ ಕಡೆ ಮೂವತ್ತೆಂಟಕ್ಕ ಕೊಡ್ತಾರಲ್ಲ!" ಎಂದು ಕೇಳಿದರೆ ಮನುಷ್ಯ ಹೆದರಿ ಇಳಿಸಲೇಬೇಕು. ಆ ಮಧ್ಯಾಹ್ನ ಗೆಳೆಯರ ಫೋನುಗಳನ್ನು ಇಸಿದುಕೊಂಡು ಹೊಲದ ಬದುವಿನ ಮೇಲೆ ಕೂತೆ. ಮೊದಲು ಕಾಗವಾಡದ ದ್ರಾಕ್ಷಿ ತೋಟದ ಮಾಲಕನಾದೆ, ಅರ್ಧ ಮರಾಠಿ, ಅರ್ಧ ಕೆಮ್ಮು. ಆಮೇಲೆ ಸಕ್ಕರೆ ಕಾರ್ಖಾನೆಯ ಸಾಹೇಬನಾದೆ. ಮೂರನೆಯದಾಗಿ ಚಿಕ್ಕೋಡಿಯ ಒಬ್ಬ ವಕೀಲನಾದೆ. ಪ್ರತಿ ಮಾತಿಗೂ "ಹಾಗಾದರೆ" ಎನ್ನುವವನು. ಕೊನೆಗೆ ನನ್ನ ಅತ್ಯುತ್ತಮ ಪಾತ್ರವನ್ನು ಹೊರತೆಗೆದೆ: ನಮಗೆ ಕಲಿಸಿ, ನಿವೃತ್ತರಾಗಿ, ಈಗ ಅಥಣಿಯಲ್ಲಿರುವ ಹೆಡ್‌ಮಾಸ್ತರರು. ಮೂಗಿನಿಂದ ಹೊರಟು ಬೆತ್ತದಂತೆ ಬಂದು ಬೀಳುವ ದನಿ.

ಪಾತ್ರ ಚೆನ್ನಾಗಿ ಬಂದರೆ ಅದರ ಸಂಗಡ ಅದರ ಸಿಟ್ಟೂ ಬರುತ್ತದೆ ಎನ್ನುವುದು ನನಗೆ ಅವತ್ತೇ ಗೊತ್ತಾದದ್ದು. ಅಂಗಡಿಯವರು, "ಗುರುಗಳ, ಆ ರೇಟಿಗೆ ಆಗಂಗಿಲ್ರಿ. ನಿಮಗ ಬಜೆಟ್ ಕಡಿಮಿ ಇದ್ರ ಬಿಳೇದ ಐತ್ರಿ," ಎಂದರು. ಹೆಡ್‌ಮಾಸ್ತರರಿಗೆ ಅವಮಾನವಾಯಿತು. ನನಗಲ್ಲ, ಅವರಿಗೆ. "ಏನಂದಿ? ಗುರುವಿಗೆ ಬಜೆಟ್ ಹೇಳ್ತೀಯಾ? ನಲವತ್ತೈದೇ ಕೊಡ್ತೇನೆ! ಕರೇದನ್ನ ತೆಗೆದಿಡು. ನಾನು ಬರುವ ತನಕ ಯಾರಿಗೂ ಕೊಡಕೂಡದು!" ಎಂದು ಗುಡುಗಿ ಫೋನಿಟ್ಟರು. ಬದುವಿನ ಮೇಲೆ ಕೂತು ಕೇಳುತ್ತಿದ್ದ ಗೆಳೆಯರು ಚಪ್ಪಾಳೆ ತಟ್ಟಿದರು. ನಾನೂ ಬಾಗಿ ನಮಸ್ಕಾರ ಮಾಡಿದೆ. ಏನು ಹೇಳಿದೆ ಎಂದು ಯೋಚಿಸಲಿಲ್ಲ.

ಭಾನುವಾರ ತಂಗಿ, ನಾನು ಇಬ್ಬರೇ ಹೋದೆವು. ಪಾಟಿಯಂಥ ಆ ಲ್ಯಾಪ್‌ಟಾಪಿನ ಮೇಲೆ ಒಂದು ಕಾಗದ ಅಂಟಿಸಿತ್ತು: "ಅಥಣಿ ಗುರುಗಳು."

"ತಂಗಿ, ಏನ ಹೇಳ್ಲಿ," ಎಂದರು ಅಂಗಡಿಯವರು. ಅವರಿಗೆ ನಿಜಕ್ಕೂ ಬೇಸರವಾಗಿತ್ತು. "ಇಷ್ಟ ದಿನ ಇದನ್ನ ಕೇಳೋರ ಇರಲಿಲ್ಲ. ನಿನ್ನಿ ನೀವು ಹೋದ್ರಿ, ಶುರುವಾತ ನೋಡ ಫೋನ್. ಕಾಗವಾಡದಿಂದ, ಕಾರ್ಖಾನಿಯಿಂದ, ಚಿಕ್ಕೋಡಿಯಿಂದ. ಕಡೀಕ ಅಥಣಿಯಿಂದ ಒಬ್ಬ ಗುರುಗಳು ಪೂರ್ತಿ ನಲವತ್ತೈದ ಕೊಡ್ತೇನಂದ್ರು. ಮಾತ ಕೊಟ್ಟೀನಿ. ಭಾಳ ಸಿಟ್ಟಿನ ಮನಷ್ಯಾ. ಮೂಗಿಲೆ ಮಾತಾಡ್ತಾರ."

ಮೂಗು ಎಂದ ಕೂಡಲೇ ತಂಗಿ ನಿಧಾನಕ್ಕೆ ನನ್ನ ಕಡೆ ತಿರುಗಿದಳು. ಅದೇ ಶಾಲೆಯಲ್ಲಿ ಅವಳೂ ಓದಿದ್ದಳು. ಆ ಮೂಗಿನಡಿ ಬೆಳೆದವಳು. ಬಾಗಿಲ ತನಕ ನನ್ನನ್ನು ದಬ್ಬಿಕೊಂಡು ಹೋಗಿ, ಹಲ್ಲು ಕಚ್ಚಿ ಹೇಳಿದಳು: "ನಾಳಿ ಸೋಮವಾರ ಐತಿ. ಹೊರಗ ಹೋಗು. ಗುರುಗಳನ್ನ ವಾಪಸ್ ಅಥಣಿಗೆ ಕಳಸು."

ಹೊರಬಿದ್ದೆ. ಅಂಗಡಿಗೆ ಹತ್ತೇ ಹೆಜ್ಜೆಯಾಚೆ ಕಬ್ಬಿನ ಹಾಲಿನ ಗಾಡಿ ನಿಂತಿತ್ತು. ಅದರ ಹಿಂದೆ ಅಡಗಿ, ನನ್ನದೇ ಫೋನಿನಿಂದ ಕರೆ ಮಾಡಿ, ಮೂಗು ಬಿಗಿಹಿಡಿದೆ. "ನಾನು ಅಥಣಿಯಿಂದ. ಇದು ಮೊಮ್ಮಗನ ಫೋನು. ಆ ಲ್ಯಾಪ್‌ಟಾಪ್ ನಮಗೆ ಬೇಡ. ಯಾರಾದರೂ ಬಡ ಹುಡುಗಿ ಬಂದರೆ ನಲವತ್ತೊಂದಕ್ಕೆ ಕೊಟ್ಟುಬಿಡು. ಪುಣ್ಯ ಬರುತ್ತದೆ."

ಅತ್ತ ಕಡೆಯಿಂದ ಬಹಳ ವಿನಯದ ದನಿ: "ಗುರುಗಳ, ಅಥಣ್ಯಾಗೂ ಕಬ್ಬಿನ ಗಾಣಕ್ಕ ಗೆಜ್ಜಿ ಕಟ್ಟತಾರೇನ್ರಿ?"

ಆಗ ನನಗೆ ಗಾಣದ ಗೆಜ್ಜೆಯ ಸದ್ದು ಕಿವಿಗೆ ಬಿತ್ತು. ಅಷ್ಟು ಹೊತ್ತೂ ನನ್ನ ಮಗ್ಗುಲಲ್ಲೇ ಝಲ್ ಝಲ್ ಎಂದು ಕುಣಿಯುತ್ತಿತ್ತು. ಅಂಗಡಿಯವರಿಗೆ ಅದು ಒಂದು ಕಿವಿಗೆ ಫೋನಿನಿಂದಲೂ ಇನ್ನೊಂದು ಕಿವಿಗೆ ಬಾಗಿಲಿನಿಂದಲೂ ಕೇಳುತ್ತಿತ್ತು.

"ಕಟ್ಟುತ್ತಾರೆ, ಕಟ್ಟುತ್ತಾರೆ," ಎಂದರು ಗುರುಗಳು.

"ತಡೀರಿ ಹಂಗಾರ." ಅವರು ಬಾಗಿಲಿಗೆ ಬಂದು, ಗಾಡಿಯವನಿಗೆ, "ಏ, ಒಂದ ನಿಮಿಷ ಗಾಣ ನಿಲ್ಲಿಸಪಾ!" ಎಂದು ಕೂಗಿದರು. ನಿಂತಿತು. ನಿಪ್ಪಾಣಿಯಲ್ಲೂ ನಿಂತಿತು, ಅಥಣಿಯಲ್ಲೂ ನಿಂತಿತು.

"ಬರ್ರಿ ಗುರುಗಳ ಒಳಗ," ಎಂದರು ಫೋನಿನಲ್ಲೇ. "ಬಿಸಲಾಗ ಯಾಕ ನಿಂತೀರಿ."

ಒಳಗೆ ಹೋದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಅವರು ಬೈಯಲಿಲ್ಲ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ನಾಲ್ಕೂ ದನಿ ಮಾಡಿಸಿ ಕೇಳಿದರು. ಕಾಗವಾಡದ ಕೆಮ್ಮಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಾಗದ ಕಿತ್ತು ಲ್ಯಾಪ್‌ಟಾಪನ್ನು ತಂಗಿಯ ಮುಂದೆ ಸರಿಸಿದರು. ಬದುಕಿದೆ ಎಂದುಕೊಂಡೆ.

"ನಲವತ್ತೈದು," ಎಂದರು.

"ನಿನ್ನಿ ನಲವತ್ತೊಂದ ಅಂದಿದ್ರಿ," ಎಂದೆ, ಈ ಸಲ ನನ್ನದೇ ದನಿಯಲ್ಲಿ. ಅದು ನಾಲ್ಕರಲ್ಲಿ ಯಾವುದಕ್ಕೂ ಸಾಟಿಯಿರಲಿಲ್ಲ.

"ಅಂದಿದ್ದೆ. ಒಂದ ದಿನ ದಂಧೆ ಬಿಟ್ಟ ನಿನ್ನ ನಾಕ ಮಂದಿಗೆ ಉತ್ತರಾ ಹೇಳೀನಿ. ಇವರ ಮಾತ ನಂಬಿ ನಿನ್ನಿ ಸಂಜೀಕ ಅಸಲೀ ಗಿರಾಕಿ ಒಬ್ಬಾಂವ ಬಂದ್ರ ಇಲ್ಲಂತ ಹೇಳಿ ಕಳಿಸೀನಿ. ನಲವತ್ತೈದ ಕೊಡ್ತೇನಂತ ಗುದ್ದಿ ಹೇಳಿದ್ದು ನೀನ. ಕಡಿಮೀದ ಬೇಕಂದ್ರ ಬಿಳೇದ ಐತಿ, ಮೂವತ್ತು."

ಬಿಳೇದು ಬದಿಯಲ್ಲೇ ಕೆಂಪು, ನೀಲಿ, ಹಸಿರು ಮಿನುಗುತ್ತಿತ್ತು. ತಂಗಿಯ ಪರ್ಸಿನಲ್ಲಿ ನಾಲ್ಕು ಸಾವಿರ ಕಡಿಮೆ. ನನ್ನ ಫೋನಿನ ಖಾತೆಯಲ್ಲಿ ಮಾತ್ರ ಅಷ್ಟು ದುಡ್ಡಿತ್ತು, ಅದು ಕಾರ್ಯಕ್ರಮಗಳಿಗೆ ಹೊಸ ಮೈಕ್ ಕೊಳ್ಳಲು ಇಟ್ಟದ್ದು. ಅಗ್ಗದ ಮೈಕ್ ಮಾತ್ರ ನಾನು ಮುಟ್ಟುವವನಲ್ಲ. ಅದರಲ್ಲಿ ಹೆಡ್‌ಮಾಸ್ತರರು ಕಪ್ಪೆಯಂತೆ ಕೇಳುತ್ತಾರೆ. ಅದಕ್ಕೆಂದೇ ತಿಂಗಳುಗಟ್ಟಲೆ ಕಾದಿದ್ದೆ. ತಂಗಿಗೆ ಈ ದುಡ್ಡಿನ ವಿಷಯ ಗೊತ್ತಿತ್ತು. ಆದರೆ ನೆನಪಾಗದಿರಲಿ ಎಂದು ಬೇಗಬೇಗ ಮಾತು ಶುರು ಮಾಡಿದೆ.

"ಬಿಳೇದ ತಗೊಂಡ ಬಿಡವ್ವಾ. ಕುಂತ ನೋಡಿದ್ರ ಮರೂನ್ ಕಾಣ್ತೈತಲ್ಲ, ಕುಂತ ಕೆಲಸಾ ಮಾಡು. ನಿಲ್ಲಬ್ಯಾಡ. ಹನ್ನೊಂದ ಸಾವಿರ ಕೈಯಾಗ ಉಳೀತಾವು. ನಾಳಿ ಕೆಲಸಕ್ಕೂ..."

ತಂಗಿ ಕರೇದನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು. ಇದ್ದ ಹಣವನ್ನೆಲ್ಲ ತೆಗೆದು ಅಂಗಡಿಯವರ ಮುಂದಿಟ್ಟಳು. ಆಮೇಲೆ ಕಟ್ಟೆಯ ಮೇಲಿದ್ದ ಸ್ಕ್ಯಾನ್ ಮಾಡುವ ಹಲಗೆಯನ್ನು ನನ್ನ ಕಡೆ ತಿರುಗಿಸಿ ಹೇಳಿದಳು:

"ಅಣ್ಣಾ, ನೀ ಉಳಿಸಿದ್ದು ಸಾಕು. ಈಗ ಕೊಡು."