ಸೀಲು ಕುಯ್ದು ನೋಡಿದ ಫೋನು

ಓದುವ ಎಲ್ಲರಿಗೂ ನಮಸ್ಕಾರ. ನಾನು ಅಕ್ಷರ ಕಲಿತದ್ದು ಮೂವತ್ತಾರನೇ ವಯಸ್ಸಿನಲ್ಲಿ. ಎಡಗೈಯ ಒಂದೇ ಬೆರಳಿನಲ್ಲಿ ಒತ್ತಿ ಬರೆಯುತ್ತೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಮೊದಲ ಸ್ಮಾರ್ಟ್‌ಫೋನನ್ನು ನಾನೇ ಕೊಂದೆ. ತುರುವೇಕೆರೆ ಕಡೆಯ ತೋಟಗಳಲ್ಲಿ ಕಾಯಿ ಸುಲಿದು ಕೊಬ್ಬರಿ ತೆಗೆಯುವುದು ನನ್ನ ಕೆಲಸ. ಮಧ್ಯಾಹ್ನ ಉಂಡು ಮಟ್ಟೆ ರಾಶಿಗೆ ಒರಗಿ ನನ್ನ ಬದುಕಿನ ಕಥೆ ಟೈಪ್ ಮಾಡುತ್ತಿದ್ದೆ. ಎರಡು ಸಾಲು ಬರೆಯುವಷ್ಟರಲ್ಲಿ ಯಾವುದೋ ಜೂಜಿನ ಜಾಹೀರಾತು ಪರದೆ ತುಂಬ ಬಂದು ಕೂರುತ್ತಿತ್ತು. ಕಂಪನಿಯವರೇ ಒಳಗೆ ತುಂಬಿ ಕಳಿಸಿದ್ದು, ತೆಗೆಯಲು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಮೂರನೇ ಕ್ಲಾಸಿನ ಮೇಷ್ಟ್ರು ನನ್ನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಗುದ್ದಿದ್ದು, ಮಾರನೇ ದಿನದಿಂದ ನಾನು ಶಾಲೆ ಬಿಟ್ಟದ್ದು, ಇಷ್ಟನ್ನು ಅವತ್ತು ಬರೆದಿದ್ದೆ. ಜಾಹೀರಾತು ಬಂತು, ಇಡೀ ಪುಟ ಹೋಯಿತು. ಫೋನನ್ನು ಕಲ್ಲಿನ ಮೇಲಿಟ್ಟು ಮಚ್ಚಿನ ಹಿಂಬದಿಯಿಂದ ಚಿಪ್ಪು ಒಡೆದ ಹಾಗೆ ಒಡೆದೆ. ನಾಲ್ಕನೇ ಏಟಿಗೆ ಹೊಗೆ ಬಂತು.

ತಿಪಟೂರಿನಲ್ಲಿ ಫೋನ್ ರಿಪೇರಿ ಮಾಡುವ ಒಬ್ಬರಿದ್ದಾರೆ, ಎಲ್ಲರೂ ಭಾಯ್ ಅನ್ನುತ್ತಾರೆ. ಚೂರುಗಳನ್ನು ನೋಡಿ ನಕ್ಕರು.

"ಅಣ್ಣಾ, ಕಂಪನಿಯೋರು ಹಾಕಿರೋ ಬೀಗ ತೆಗೆಯೋಕಾಗೋ ಫೋನ್ ತಗೊಂಬನ್ನಿ. ಒಳಗಿನ ಕಸ ಎಲ್ಲಾ ಗುಡಿಸಿ ಓಪನ್ ಸೋರ್ಸ್ ಹಾಕ್ಕೊಡ್ತೀನಿ. ಯಾರ್ ಬೇಕಾದ್ರೂ ಬಿಚ್ಚಿ ನೋಡ್ಬೋದು ಆ ಸಾಫ್ಟ್‌ವೇರ್‌ನ. ಜಾಹೀರಾತಿನ ಕಾಟ ಇರಾಕಿಲ್ಲ. ಕಮ್ಮಿ ರೇಟಲ್ಲೂ ಅಂಥವು ಸಿಗ್ತವೆ. ಆದ್ರೆ ಒಂದೇ ಹೆಸರಲ್ಲಿ ಎರಡು ಥರ ಬತ್ತವೆ. ಆನ್ ಮಾಡಿ, ಸೆಟ್ಟಿಂಗಲ್ಲಿ ಬೀಗ ತೆಗೆಯೋ ಗುಂಡಿ ಐತಾ ನೋಡೇ ತಗೊಳ್ಳಿ."

ಪಕ್ಕದ ಫೋನ್ ಅಂಗಡಿಗೆ ಹೋದೆ. ಅಂಗಡಿಯವನು ಹೊಸ ಫೋನಿನ ಡಬ್ಬಿ ಕೊಟ್ಟ. ನಮ್ಮ ಕಡೆ ಕೊಬ್ಬರಿ ಕೊಳ್ಳುವವನು ಚೀಲದಿಂದ ತನಗೆ ಕಂಡದ್ದನ್ನು ಎತ್ತಿ, ಸೀಳಿ, ಒಳಗೆ ನೋಡುತ್ತಾನೆ. ಕೇಳಿ ಸೀಳುವ ಪದ್ಧತಿಯಿಲ್ಲ. ಸೀಳಿದ್ದರ ನಷ್ಟ ಮಾರುವವನದೇ. ನಾನೂ ಹಾಗೆಯೇ ಜೇಬಿನ ಚಾಕು ತೆಗೆದು ಡಬ್ಬಿಯ ಸೀಲು ಕುಯ್ದೆ.

ಕಿವಿಯ ಮೇಲೆ ಏಟು ಬಿತ್ತು.

"ಲೇ, ಯಾರ್ಲಾ ಹೇಳಿದ್ದು ಸೀಲ್ ಕೀಳೋಕೆ?"

"ನೋಡ್ದೆ ಹೆಂಗಣ್ಣ ತಗೊಳ್ಳದು?"

"ಇದೇನ್ ಕೊಬ್ಬರೀನೇನ್ಲಾ, ಕುಯ್ದು ನೋಡೋಕೆ? ಹೆಬ್ಬೆಟ್ ನನ್ಮಗನೆ!"

ಹೊಡೆದದ್ದನ್ನು ನುಂಗುತ್ತಿದ್ದೆನೋ ಏನೋ. ಹೆಬ್ಬೆಟ್ಟು ಅಂದದ್ದು ನುಂಗಲಾಗಲಿಲ್ಲ. ಕೈಚಾಚಿ ಅವನ ಕೂದಲು ಹಿಡಿದು ಮುಖವನ್ನು ಗಾಜಿನ ಕೌಂಟರಿಗೆ ಗುದ್ದಿದೆ. ಗಾಜು ಒಡೆಯಿತು. ಮತ್ತೆ ಗುದ್ದಿದೆ. ಅವನ ಕಿವಿ ಹರಿದು ನೇತಾಡಿತು. ಅವನು ಕೈಗೆ ಸಿಕ್ಕ ಗಾಜಿನ ಚೂರಿನಿಂದ ನನ್ನ ಬಲಗೈ ಹೆಬ್ಬೆರಳಿನ ಬುಡವನ್ನು ಸೀಳಿದ. ಆದರೂ ನಾನು ಬಿಡಲಿಲ್ಲ.

"ಬುಡಣ್ಣಾ, ಸತ್ತೋಯ್ತಾನೆ!" ಅಂತ ಭಾಯ್ ಓಡಿಬಂದು ನನ್ನ ಸೊಂಟ ಹಿಡಿದು ಎಳೆದರು.

ಅಂಗಡಿಯವನು ಟವೆಲ್ಲಿನಲ್ಲಿ ಕಿವಿ ಒತ್ತಿಕೊಂಡು ಕೂತ. ಭಾಯ್ ನೆಲದ ಮೇಲಿದ್ದ ಹೊಸ ಫೋನಿನ ರಕ್ತ ಒರೆಸಿ ಆನ್ ಮಾಡಿ ಆ ಗುಂಡಿ ಹುಡುಕಿದರು.

"ಇಲ್ಲಣ್ಣಾ. ಇದ್ರ ಬೀಗ ತೆಗೆಯೋಕಾಗಲ್ಲ."

"ಕುಯ್ದೋನು ಅವ್ನೇ, ಅವ್ನೇ ತಗೊಂಡೋಗ್ಲಿ," ಎಂದ ಅಂಗಡಿಯವನು.

ದುಡ್ಡು ಕೊಟ್ಟು ತೆಗೆದುಕೊಂಡೆ. ಭಾಯ್ ಅದನ್ನು ತಾವಿಟ್ಟುಕೊಂಡು, ತಮ್ಮ ಹಳೇ ಫೋನಿಗೆ ಓಪನ್ ಸೋರ್ಸ್ ಹಾಕಿ ಕೊಟ್ಟರು. ಮೂಲೆ ಒಡೆದಿದೆ, ಆದರೆ ಜಾಹೀರಾತು ಬರುವುದಿಲ್ಲ. ಹೊಲಿಗೆ ಬಿಚ್ಚಿದ ಮೇಲೂ ಬಲಗೈ ಹೆಬ್ಬೆರಳು ಮಡಚುತ್ತಿಲ್ಲ.

ಮೊದಲು ಮೇಷ್ಟ್ರ ಪುಟವನ್ನೇ ಮತ್ತೆ ಬರೆಯಲು ಕೂತೆ. ಏನೂ ಅಡ್ಡ ಬರಲಿಲ್ಲ. ಕೂದಲು ಹಿಡಿದು ಗೋಡೆಗೆ ಗುದ್ದಿದರು ಅನ್ನುವ ಸಾಲಿಗೆ ಬಂದಾಗ ಬೆರಳು ತಾನೇ ನಿಂತಿತು. ನಾನೂ ಅಂಗಡಿಯವನನ್ನು ಹಾಗೆಯೇ ಹಿಡಿದಿದ್ದೆ. ಅದಕ್ಕೆ ಮೇಷ್ಟ್ರದ್ದನ್ನು ಪಕ್ಕಕ್ಕಿಟ್ಟು ಇದನ್ನು ಮೊದಲು ಬರೆದಿದ್ದೇನೆ.

ಒಂದು ವಸ್ತು ಕೊಳ್ಳಲು ಹೋಗಿ ಕೈಮಾಡಿದವರು ನಿಮ್ಮಲ್ಲೂ ಇರಬಹುದು. ಏಟು ತಿಂದದ್ದಷ್ಟೇ ಅಲ್ಲ, ಕೊಟ್ಟದ್ದನ್ನೂ ಬರೆದು ತಿಳಿಸಿ. ನಿಧಾನವಾಗಿ ಓದುತ್ತೇನೆ, ಆದರೆ ಪೂರ್ತಿ ಓದುತ್ತೇನೆ.