ಅಮ್ಮ ನಂಬಿದ ಎಣ್ಣೆ

ಇವತ್ತು ಲ್ಯಾಬಿನಲ್ಲಿ ಓಂಕಾಳಿನ ಎಣ್ಣೆಯ ಶೀಶೆ ತೆರೆದೆ. ಘಾಟು ರಪ್ಪನೆ ಮೂಗಿಗೆ ಹೊಡೆಯಿತು. ನನಗೆ ಕೆಲಸ ಕಲಿಸಿದ ಮೇಡಂ ನೆನಪಾದರು...

ನುಂಗಂಬಾಕ್ಕಂನ ಹಳೇ ವೈಷ್ಣವರ ಮನೆಯವರು. ಹಾಸನದಿಂದ ಈ ತಮಿಳು ಊರಿಗೆ ಬಂದ ನನಗೆ ಅವರ ತಮಿಳು ಬೆರೆತ ಕನ್ನಡ ಕೇಳಿದರೇ ಸಮಾಧಾನ. ಓಂಕಾಳು, ಲವಂಗ, ಮಜ್ಜಿಗೆಹುಲ್ಲಿನ ಎಣ್ಣೆಗಳು ಯೀಸ್ಟ್ ಸೋಂಕಿಗೆ ಮದ್ದಾದಾವೇ ಎಂದು ನೋಡುವುದು ನಮ್ಮ ಕೆಲಸ. ತಟ್ಟೆಯಲ್ಲಿ ಯೀಸ್ಟ್ ಬೆಳೆಸಿ, ಎಣ್ಣೆಯಲ್ಲಿ ಅದ್ದಿದ ಕಾಗದದ ಬಿಲ್ಲೆ ಇಟ್ಟರೆ ಸುತ್ತಮುತ್ತ ಏನೂ ಬೆಳೆಯುತ್ತಿರಲಿಲ್ಲ. ನಾನು ಕುಣಿದಾಡಿದರೆ ಮೇಡಂ, "ಸುಮ್ನಿರು ತಾಯಿ, ತಟ್ಟೆಗೆ ನಾಲಿಗೆ ಇಲ್ಲ. ಉರಿಯತ್ತೆ ಅಂತ ಅದು ಹೇಳಲ್ಲ" ಅನ್ನುತ್ತಿದ್ದರು.

ಆಗಲೇ ಅವರ ತಾಯಿಗೆ ಕ್ಯಾನ್ಸರ್ ಬಂತು. ಕೀಮೋ ಆದ ಮೇಲೆ ಬಾಯಿ ತುಂಬ ಬೆಳ್ಳಗೆ ಅದೇ ಹಾಳು ಯೀಸ್ಟು! ಒಂದು ಗುಟುಕು ಸಾರೂ ಇಳಿಯದು. ಡಾಕ್ಟರು ಬಾಯಿಗೆ ಹಚ್ಚುವ ಔಷಧಿ ಬರೆದುಕೊಟ್ಟರು. ಆದರೆ ಅಮ್ಮ ಬಾಯಿ ಬಿಟ್ಟರೆ ತಾನೆ?

"ಈ ಮರುಂದೆಲ್ಲ ಬ್ಯಾಡ. ಊರಿಗೆಲ್ಲ ಪಾಠ ಹೇಳ್ತೀಯ, ಹೆತ್ತವಳಿಗೆ ನಿನ್ನ ಎಣ್ಣೆ ಇಲ್ವಾ?"

ಮಗಳ ಎಣ್ಣೆಯ ಮೇಲೆ ಮಗಳಿಗೇ ಇಲ್ಲದ ನಂಬಿಕೆ ಅಮ್ಮನಿಗೆ. ಹುಣ್ಣಾದ ಬಾಯಿಗೆ ಅದನ್ನು ಹಾಕಿದರೆ ಬೆಂಕಿ ಇಟ್ಟ ಹಾಗೆ. ಹಾಕದಿದ್ದರೆ ಮುದುಕಿ ಉಪವಾಸ ಸಾಯುತ್ತಾಳೆ. ಮೇಡಂ ಸೋತುಹೋಗಿದ್ದರು.

ಕೊನೆಗೆ ಡಾಕ್ಟರ ಔಷಧಿಯನ್ನೇ ನಮ್ಮ ಎಣ್ಣೆಯ ಖಾಲಿ ಶೀಶೆಗೆ ಸುರಿದು, ವಾಸನೆಗೆಂದು ಶೀಶೆಯ ಹೊರಗಡೆ ಮಾತ್ರ ಎಣ್ಣೆ ಸವರಿದರು. ಅಮ್ಮ ಮೂಸಿ ನೋಡಿ ಬಾಯಿ ತೆರೆದರು.

ಬಾಯಿ ವಾಸಿಯಾಯಿತು. ನಾನು ನೋಡಲು ಹೋದಾಗ ಮೊಸರನ್ನ ತಿನ್ನುತ್ತಾ ಕೂತಿದ್ದರು. "ಎಲ್ಲಾ ನಮ್ಮ ಹುಡುಗಿ ಎಣ್ಣೆ ಮಹಿಮೆ ಕಣಮ್ಮಾ. ಡಾಕ್ಟರಿಗೇನು ಗೊತ್ತು, ಮಣ್ಣು!" ಬಂದ ನೆಂಟರಿಗೆಲ್ಲ ಇದೇ ಪುರಾಣ. ಮೇಡಂ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದರು.

ಕ್ಯಾನ್ಸರ್ ಬಿಡಲಿಲ್ಲ. ಅಮ್ಮ ಆ ನಂಬಿಕೆಯಲ್ಲೇ ಹೋದರು. "ನನ್ನ ಎಣ್ಣೆ ವಾಸಿ ಮಾಡಿದ್ದು ಅಮ್ಮನೊಬ್ಬಳನ್ನೇ," ಅಂದರು ಮೇಡಂ ಒಮ್ಮೆ, "ಅವಳಿಗೆ ನಾನದನ್ನ ಕೊಟ್ಟೇ ಇಲ್ಲ." ಆಮೇಲೆ ಆ ಮಾತೇ ಎತ್ತಲಿಲ್ಲ... ಹೋದ ವರ್ಷ ಅವರೂ ಹೋದರು.

ನಾನು ಈಗಲೂ ತಟ್ಟೆಗಳನ್ನೇ ನೋಡುತ್ತಿದ್ದೇನೆ. ತಟ್ಟೆಯಲ್ಲಿ ಈಗಲೂ ಗೆಲುವೇ. ಮನುಷ್ಯರ ಬಾಯಿಯ ವಿಷಯ ನನಗಿನ್ನೂ ಗೊತ್ತಿಲ್ಲ. ಸಾಕಾಗಿದೆ.

ಮಧ್ಯಾಹ್ನ ಮೇಡಂ ಅವರ ಚಿಕ್ಕಮ್ಮ ಬೆಸೆಂಟ್ ನಗರದಿಂದ ಫೋನ್ ಮಾಡಿದ್ದರು. ಅವರಿಗೂ ಈಗ ಬಾಯಿಹುಣ್ಣಂತೆ. "ಅಕ್ಕನಿಗೆ ವಾಸಿ ಆಯ್ತಲ್ಲ, ಆ ಎಣ್ಣೆ ಸ್ವಲ್ಪ ಕೊಡ್ತೀಯಾ ಕಣ್ಣಾ?"

ಶೀಶೆಯ ಮುಚ್ಚಳ ಬಿಗಿ ಮಾಡಿದೆ.

"ಡಾಕ್ಟರು ಕೊಟ್ಟಿದ್ದನ್ನೇ ಹಚ್ಕೊಳ್ಳಿ ಚಿಕ್ಕಮ್ಮ," ಅಂದೆ. "ಆ ಎಣ್ಣೆ ಮಾಡೋಕೆ ಬರ್ತಿದ್ದಿದ್ದು ಅವರೊಬ್ಬರಿಗೇ."